ಕಲ್ಲೇಶಪ್ಪನವರ ಕಷಾಯ

ನರ್ಸಮ್ಮ ಕಲ್ಲೇಶಪ್ಪನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು, ಬಿಟ್ಟಳು. ನಂಬಿಕೆ ಬರದೆ ಇನ್ನೊಂದು ಸಲ ತುಂಬಿದಳು, ಬಿಟ್ಟಳು. ಆಮೇಲೆ ಮಾಸ್ಕಿನೊಳಗಿಂದಲೇ, "ಅಜ್ಜಾ, ನೂರಾ ತೊಂಬತ್ತಿದೆ. ಇಷ್ಟು ಬಿಪಿ ಇಟ್ಕೊಂಡು ಬಂದ್ರೆ ನಾನು ಇಂಜೆಕ್ಷನ್ ಚುಚ್ಚಲ್ಲ. ಇಳಿಸ್ಕೊಂಡು ಬನ್ನಿ" ಎಂದಳು. ಬಿಪಿ ಎನ್ನುವುದು ಅಟ್ಟದ ಮೇಲಿನ ಹಪ್ಪಳದ ಡಬ್ಬಿಯೇನು, ಏಣಿ ಇಟ್ಟು ಇಳಿಸಿಕೊಂಡು ಬರುವುದಕ್ಕೆ?

ಅದು ಎರಡನೇ ಅಲೆಯ ಏಪ್ರಿಲ್ ತಿಂಗಳು. ಎನ್.ಆರ್.ಪುರದ ಶಾಲೆಯೊಂದರಲ್ಲಿ ಅರವತ್ತು ದಾಟಿದವರಿಗೆಲ್ಲ ಕೊರೊನಾ ಲಸಿಕೆ ಹಾಕುತ್ತಿದ್ದರು. ಹೆಂಡತಿ ಸುಮಿತ್ರಮ್ಮನಿಗೆ ಹಿಂದಿನ ವಾರವೇ ಆಗಿತ್ತು. ಇರುವೆ ಕಚ್ಚಿದ ಹಾಗೂ ಆಗಲಿಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಗಂಡನ ಹಿಂದೆ ನಿಂತವಳಿಗೆ ಅಕ್ಕ ನೆನಪಾದಳು. ಬಾಳೆಹೊನ್ನೂರಿನಲ್ಲಿದ್ದ ಅವಳ ಅಕ್ಕ ಹಿಂದಿನ ವರ್ಷ ಇದೇ ಕಾಯಿಲೆಯಲ್ಲಿ ಹೋದಾಗ ಮುಖ ನೋಡುವುದಕ್ಕೂ ಬಿಟ್ಟಿರಲಿಲ್ಲ. ಗಂಡನಿಗೆ ಹಾಗಾಗಬಾರದು. ಬಿಪಿ ಇಳಿಯಬೇಕು, ಇಂಜೆಕ್ಷನ್ ಆಗಬೇಕು, ಈ ಮನುಷ್ಯ ಬದುಕಿರಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ಇದಕ್ಕಿಂತ ಹೆಚ್ಚಿನದನ್ನು ದೇವರ ಹತ್ತಿರ ಅವಳು ಕೇಳಿರಲೂ ಇಲ್ಲ.

ಕಲ್ಲೇಶಪ್ಪನಿಗೆ ಎಪ್ಪತ್ತೊಂದು. ಪೇಟೆ ಬೀದಿಯಲ್ಲಿ ಅಪ್ಪನ ಕಾಲದ ಗ್ರಂಥಿಗೆ ಅಂಗಡಿ; ವಿಭೂತಿ, ಕರ್ಪೂರ, ದರ್ಭೆಯಿಂದ ಹಿಡಿದು ಬಾಣಂತಿ ಖಾರದ ಬೇರು-ನಾರುಗಳವರೆಗೆ ಎಲ್ಲ ಸಿಗುವಂಥದ್ದು. ಮನೆ ಅದರ ಹಿಂದೆಯೇ. ಬಿಪಿ ಅವನಿಗೆ ಹೊಸದಲ್ಲ. ಹದಿನೈದು ವರ್ಷದಿಂದ ಬೆಳಗ್ಗೆ ಒಂದು ಮಾತ್ರೆಗೆ ತೆಪ್ಪಗೆ ಬಿದ್ದಿದ್ದ ಬಿಪಿ ಅದು. ಈಗ ಮಾತ್ರೆ ಎರಡಾದರೂ ಯಾಕೆ ಏರುತ್ತಿದೆ ಎಂದರೆ ಎಲ್ಲರದೂ ಒಂದೇ ಉತ್ತರ: ಟೆನ್ಷನ್. ಆ ಎರಡು ತಿಂಗಳು ಊರಿನಲ್ಲಿ ಯಾರಿಗೆ ಏನಾದರೂ ಟೆನ್ಷನ್ನೇ. ತಲೆ ನೋವು ಟೆನ್ಷನ್, ನಿದ್ದೆ ಬಾರದಿದ್ದರೆ ಟೆನ್ಷನ್, ಕಾಲು ಬಾತರೂ ಟೆನ್ಷನ್.

ಹಾಗಾಗಿ ಸುಮಿತ್ರಮ್ಮ ಟೆನ್ಷನ್ನಿನ ಮೇಲೆ ಯುದ್ಧ ಸಾರಿದಳು. ಮೊದಲು ಟಿವಿಯ ವೈರು ಕಿತ್ತಳು. ದಿನವಿಡೀ ಸಾವಿನ ಲೆಕ್ಕ ಕಿರುಚುವ ಆ ಪೆಟ್ಟಿಗೆ ಬಟ್ಟೆ ಹೊದ್ದು ಮೂಲೆಗೆ ಸೇರಿತು. ಆಮೇಲೆ ಗಂಡನ ಮೊಬೈಲ್ ಸೊಸೆಯ ಬೀರುವಿಗೆ ಹೋಯಿತು. ಮಿಡಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೇರಿಸಿದಳು. ಸಾರಿಗೆ ಉಪ್ಪಿಲ್ಲ, ಮಜ್ಜಿಗೆಗೆ ಉಪ್ಪಿಲ್ಲ, ಕಾಫಿ ಬಂದ್, ಎಲೆ ಅಡಿಕೆ ಬಂದ್.

"ಜೈಲಲ್ಲಿ ಇದಕ್ಕಿಂತ ಚೆನ್ನಾಗಿ ಹಾಕ್ತಾರೆ ಮಾರಾಯ್ತಿ," ಎಂದು ಕಲ್ಲೇಶಪ್ಪ ತಟ್ಟೆ ದೂಡಿದ.

"ಜೈಲಲ್ಲಿ ಇಂಜೆಕ್ಷನ್ನೂ ಹಾಕ್ತಾರಂತೆ. ಉಣ್ಣಿ ಸುಮ್ನೆ."

ಎಲ್ಲ ಕಸಿದುಕೊಂಡ ಮೇಲೆ ಅವನಿಗೆ ಉಳಿದದ್ದು ಒಂದೇ, ಅವನದೇ ಕಷಾಯ. ಅದನ್ನು ಮಾತ್ರ ಸುಮಿತ್ರಮ್ಮ ತಾನೇ ಕಾಸಿ, ದಿನಕ್ಕೆ ಮೂರು ಸಲ ಇದ್ದದ್ದನ್ನು ನಾಲ್ಕು ಮಾಡಿ, ಲೋಟ ತುಂಬ ಕೊಟ್ಟಳು. ಪಾಪ, ಅದಾದರೂ ಬಾಯಿಗೆ ರುಚಿಯಾಗಿ ಹೋಗಲಿ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಆ ಮಾತು ಹುಟ್ಟಿದ್ದು ಇಂಥ ಮನೆಯಲ್ಲೇ ಇರಬೇಕು.

ಆ ಕಷಾಯದ ಕಥೆ ಹೇಳಲೇಬೇಕು. ಮಗ ರೇಣುಕಾಪ್ರಸಾದ್ ಅಂಗಡಿ ವಹಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಕಲ್ಲೇಶಪ್ಪ ಜಗಲಿಯ ಮೇಲಿನ ಸ್ಟೂಲಿನಲ್ಲಿ ಕೂತು ಬೀದಿ ನೋಡುವವನಾಗಿದ್ದ. ಬಂದವರು ಅವನನ್ನು ದಾಟಿ ಒಳಗೆ ಹೋಗಿ ಮಗನನ್ನು ಕೇಳುತ್ತಿದ್ದರು. ಕೊರೊನಾ ಬಂತು ನೋಡಿ, ಎಲ್ಲರಿಗೂ ಕಷಾಯ ಬೇಕಾಯಿತು. ಶುಂಠಿ, ಕಾಳುಮೆಣಸು, ಹಿಪ್ಪಲಿ, ಜೀರಿಗೆ, ಜೇಷ್ಠಮಧು ಸೇರಿಸಿ ಅಪ್ಪ ಮಾಡುತ್ತಿದ್ದ ಪುಡಿಯನ್ನು ಕಲ್ಲೇಶಪ್ಪ ಮತ್ತೆ ಕುಟ್ಟಿದ. ಖಾರಕ್ಕೆ ಜನ ಮುಖ ಕಿವುಚಿದರು. ಜೇಷ್ಠಮಧುವಿನ ಬೇರು ಸಿಹಿಯಲ್ಲವೇ, ಅಪ್ಪ ಚಿಟಿಕೆ ಹಾಕುತ್ತಿದ್ದ ಕಡೆ ಇವನು ಹಿಡಿ ಹಾಕಿದ. ಆಹಾ! ಕುಡಿದ ಮೇಲೆ ಗಂಟಲಲ್ಲಿ ಸಿಹಿ ನಿಲ್ಲುತ್ತಿತ್ತು. ಕೊಪ್ಪದಿಂದ, ಶೆಟ್ಟಿಕೊಪ್ಪದಿಂದ ಜನ ಬಂದು, "ಕಲ್ಲೇಶಪ್ಪನವರ ಕಷಾಯ ಇದ್ಯಾ? ಅವರನ್ನೇ ಕರೀರಿ" ಎನ್ನತೊಡಗಿದರು. ಮುದುಕ ಇಪ್ಪತ್ತು ವರ್ಷ ಸಣ್ಣವನಾದ. ವಯಸ್ಸಾದವರಿಗೆ ಪುಡಿ ಪುಕ್ಕಟೆ ಎಂದು ಸಾರಿದ. ಲಾಕ್‌ಡೌನಿನಲ್ಲಿ ಅಂಗಡಿ ತೆರೆಯುವುದು ಬೆಳಗ್ಗೆ ಹತ್ತರವರೆಗೆ ಮಾತ್ರ. ಅಷ್ಟು ಹೊತ್ತೂ ದೊಡ್ಡ ಫ್ಲಾಸ್ಕಿನಲ್ಲಿ ಕಷಾಯ ಇಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದ. ಮದ್ದು ಕೊಡುವವನು ಮೊದಲು ತಾನು ಕುಡಿಯಬೇಕು ಎನ್ನುವುದು ಅವನಪ್ಪ ಹಾಕಿಕೊಟ್ಟ ಕಟ್ಟಳೆ. ಗುಂಪು ಬಂದಾಗಲೆಲ್ಲ ತಾನೊಂದು ಲೋಟ ಎತ್ತಿ, "ನೋಡಿ, ನಾನೇ ಕುಡೀತಿದ್ದೀನಿ" ಎಂದು ಗುಟುಕರಿಸುತ್ತಿದ್ದ.

ಎದುರಿನ ಅಂಗಡಿ ಟೈಲರ್ ಸುಬ್ಬಯ್ಯನದು. ಇಬ್ಬರೂ ಒಂದೇ ವಾರಗೆಯವರು, ಒಂದೇ ಬೀದಿಯಲ್ಲಿ ಮುದುಕರಾದವರು. ಸುಬ್ಬಯ್ಯ ಬ್ಲೌಸ್ ಪೀಸಿನ ಚೂರುಗಳಲ್ಲಿ ಮಾಸ್ಕ್ ಹೊಲಿದು ಹಂಚುತ್ತಿದ್ದ. ಕಲ್ಲೇಶಪ್ಪ ಕಷಾಯ ಹಂಚುತ್ತಿದ್ದ.

"ನಿನ್ನ ಮಾಸ್ಕ್ ಹಾಕ್ಕೊಂಡ್ರೆ ನನ್ನ ಕಷಾಯ ಕುಡಿಯೋದು ಹ್ಯಾಗಾ?" ಎಂದು ಇವನು ಈ ಕಡೆಯಿಂದ ಕೂಗುವುದು.

"ನಿನ್ನ ಕಷಾಯ ಕುಡಿದವರ ಬಾಯಿ ಮುಚ್ಚಲಿಕ್ಕೇ ಮಾರಾಯ ನಾನು ಮಾಸ್ಕ್ ಹೊಲಿಯೋದು" ಎಂದು ಅವನು ಆ ಕಡೆಯಿಂದ. ಬೀದಿಯಲ್ಲಿ ನಗು ಎಂದು ಉಳಿದಿದ್ದರೆ ಅದು ಇವರಿಬ್ಬರದೇ.

ಎರಡನೇ ಸಲ ಲಸಿಕೆಗೆ ಹೋದಾಗ ಬಿಪಿ ಇಳಿಯುವುದಿರಲಿ, ಇನ್ನೂ ಹತ್ತು ಏರಿತ್ತು. ಮನೆಗೆ ಬಂದು ಕೈಕಾಲು ತೊಳೆಯುವಾಗ ಕಲ್ಲೇಶಪ್ಪ, "ಸುಮಿತ್ರಾ, ಎದೆ ಹೊಡ್ಕೊಳ್ಳೋದು ನನಗೇ ಕೇಳ್ಸುತ್ತೆ ಕಣೆ. ಹೆದರಿಕೆ ಆಗುತ್ತೆ" ಎಂದ. ಅವನ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಬಿಪಿ ಏರಿತೆಂದು ಹೆದರಿಕೆ, ಹೆದರಿಕೆಯಿಂದ ಬಿಪಿ ಏರುತ್ತದೆಂದು ಇನ್ನಷ್ಟು ಹೆದರಿಕೆ. ಅವಳು ಒಳಗೆ ಹೋಗಿ ಬಿಸಿಬಿಸಿ ಕಷಾಯ ತಂದಳು.

ಅದೇ ವಾರ ಸುಬ್ಬಯ್ಯ ಹೋದ. ಬೆಳಗ್ಗೆ ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದವನು ಹಾಗೇ ಕುಸಿದ. ಶಿವಮೊಗ್ಗಕ್ಕೆ ಕರೆದೊಯ್ಯುವ ದಾರಿಯಲ್ಲೇ ಮುಗಿಯಿತು. ಕೊರೊನಾ ಎಂದು ಊರು ಬಾಗಿಲು ಹಾಕಿಕೊಂಡಿತು; ಟೆಸ್ಟ್ ಮಾಡಿಸಿದರೆ ಕೊರೊನಾ ಇಲ್ಲ. ಮೊದಲೇ ಇದ್ದ ಬಿಪಿ ಏರಿ ತಲೆಯಲ್ಲಿ ನರ ಒಡೆದಿರಬೇಕು ಎಂದರು ಆಸ್ಪತ್ರೆಯವರು. ಟೆನ್ಷನ್ ಎಂದಿತು ಊರು. ಸುಬ್ಬಯ್ಯನ ಹೆಂಡತಿ ರಾಧಮ್ಮ ಅಳುವುದಕ್ಕೂ ಹತ್ತಿರ ಜನವಿಲ್ಲದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಲ್ಲೇಶಪ್ಪ ಬೀದಿಯ ಈಚೆ ನಿಂತು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಇನ್ನು ತಡೆಯುವುದಿಲ್ಲ ಎಂದು ಸುಮಿತ್ರಮ್ಮ ಮಗನಿಗೆ ಹೇಳಿ ಕಾರು ಹೊರಡಿಸಿದಳು. ಕೊಪ್ಪದಲ್ಲಿ ಚಂದ್ರಶೇಖರ ಡಾಕ್ಟರು ಎಂದು ಹಳಬರೊಬ್ಬರಿದ್ದರು. ಅವರು ಕಲ್ಲೇಶಪ್ಪನ ಬಾತ ಕಾಲನ್ನು ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಚೀಟಿ ಬಂದ ಮೇಲೆ ಕನ್ನಡಕ ಮೇಲೇರಿಸಿ, "ಮನೇಲಿ ಮಾತ್ರೆ ಬಿಟ್ಟು ಇನ್ನೇನು ತಗೊಳ್ತಾರೆ?" ಎಂದು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ. ಉಪ್ಪು ಸಮೇತ ಬಿಡಿಸಿದೀನಿ. ಕಷಾಯ ಒಂದು ಕುಡೀತಾರೆ ಅಷ್ಟೇ," ಎಂದಳು ಸುಮಿತ್ರಮ್ಮ, ಶಭಾಷ್‌ಗಿರಿ ಸಿಗುತ್ತದೆ ಎಂಬ ಹಾಗೆ.

"ಎಂತೆಂತ ಹಾಕ್ತೀರಿ?"

ಅವಳು ಒಂದೊಂದೇ ಹೇಳಿದಳು. ಜೇಷ್ಠಮಧು ಎಂದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟು?"

"ಧಾರಾಳ ಹಾಕ್ತೀನಿ. ಅದೇ ನಮ್ಮ ಪುಡಿಯ ವಿಶೇಷ," ಎಂದ ಕಲ್ಲೇಶಪ್ಪ ಹೆಮ್ಮೆಯಿಂದ.

"ಚಿಟಿಕೆ ಆದ್ರೆ ಅಡ್ಡಿಲ್ಲ ಕಲ್ಲೇಶಪ್ಪ. ಹಿಡಿ ಹಿಡಿ ದಿನಾ ಹೊಟ್ಟೆಗೆ ಹೋದ್ರೆ ಅದು ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತೆ, ಬಿಪಿ ಏರಿಸುತ್ತೆ. ನಿಮ್ಮ ಕಾಲು ಬಾತಿರೋದೂ ಅದಕ್ಕೇ. ಬಿಪಿ ಇರೋರು ಅದನ್ನ ಮುಟ್ಟಬಾರ್ದು. ಇವತ್ತೇ ಬಿಡಿ, ಮೂರು ವಾರದಲ್ಲಿ ತಾನಾಗೇ ಇಳಿಯುತ್ತೆ."

ಸುಮಿತ್ರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೂರು ಲೋಟವನ್ನು ನಾಲ್ಕು ಮಾಡಿದ್ದು ತನ್ನ ಕೈಯೇ ಅಲ್ಲವೇ! ಆದರೆ ಜೊತೆಗೇ ಹೊಟ್ಟೆಯೊಳಗೆ ಒಂದು ತಣ್ಣನೆ ಸಮಾಧಾನವೂ ಇಳಿಯಿತು. ಕಳ್ಳ ಸಿಕ್ಕಿಬಿದ್ದನಲ್ಲ, ಹೊರಗೆ ಹಾಕಿದರೆ ಆಯಿತು. ಅವಳು ಗಂಡನ ಮುಖ ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಡಾಕ್ಟರನ್ನು ಅವನು ಕೇಳಿದ್ದು ಒಂದೇ ಮಾತು: "ಅದರಿಂದ ನರ ಒಡೆಯೋದೂ ಉಂಟಾ?"

"ಬಿಪಿ ಮೊದಲೇ ಇದ್ದವರಿಗೆ ಆಗಬಾರದು ಅಂತೇನಿಲ್ಲ," ಎಂದರು ಡಾಕ್ಟರು. ಯಾರನ್ನು ಮನಸ್ಸಿನಲ್ಲಿಟ್ಟು ಕೇಳಿದ ಪ್ರಶ್ನೆ ಎಂದು ಅವರಿಗೇನು ಗೊತ್ತು.

ಮಾರನೇ ದಿನ ಬೆಳಗ್ಗೆ ಕಲ್ಲೇಶಪ್ಪ ಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು, ಎಂದಿನಂತೆ ಜಗಲಿಗೆ ಬಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಲೋಟ ಎತ್ತಿ ಕುಡಿದ. ಒಳಗಿನಿಂದ ನೋಡಿದ ಸುಮಿತ್ರಮ್ಮ ಸೆರಗು ಕೂಡ ಸರಿಮಾಡಿಕೊಳ್ಳದೆ ಓಡಿ ಬಂದಳು.

"ರೀ, ನಿಮಗೇನು ಬುದ್ಧಿ ನೆಟ್ಟಗಿದ್ಯಾ? ನಿನ್ನೆ ಡಾಕ್ಟ್ರು ಕನ್ನಡದಲ್ಲೇ ತಾನೇ ಹೇಳಿದ್ದು?"

"ಅವನಿಗೇನು ಗೊತ್ತು ಬೇರು-ನಾರಿನ ವಿಷಯ! ಮೂರು ತಲೆಮಾರಿಂದ ಕೊಡ್ತಿದೀವಿ. ಒಳಗ್ ನಡಿ."

ಅವಳು ಜಗಳ ಆಡಿದಳು, ಅತ್ತಳು, ಊಟ ಬಿಟ್ಟಳು. ಮಗನಿಗೆ ಹೇಳಿದಳು. ರೇಣುಕಾಪ್ರಸಾದ್ ಒಳ್ಳೆಯ ಹುಡುಗನೇ, ಆದರೆ ಅಪ್ಪನ ಎದುರು ನಿಂತರೆ ಇಂದಿಗೂ ನಾಲಿಗೆ ಒಣಗುತ್ತದೆ. "ನೀನೇ ಹೇಳಮ್ಮ, ಅಪ್ಪಾಜಿ ನನ್ನ ಮಾತು ಎಲ್ಲಿ ಕೇಳ್ತಾರೆ," ಎಂದು ಮಾಸ್ಕ್ ಮೇಲೆಳೆದುಕೊಂಡು ಒಳಗೆ ಹೋದ. ಕೊನೆಗೆ ಅವಳು ಜೇಷ್ಠಮಧು ಬಿಟ್ಟು, ಸಿಹಿಗೆ ಬೆಲ್ಲ ಹಾಕಿ ಕಾಸಿ ಫ್ಲಾಸ್ಕಿಗೆ ತುಂಬಿದಳು. ಗ್ರಂಥಿಗೆ ಅಂಗಡಿಯವನ ಮೂಗಿಗೆ ಮೋಸ ಮಾಡಲಾಗುತ್ತದೆಯೇ? ಒಂದು ಗುಟುಕಿಗೆ ಗೊತ್ತಾಯಿತು ಅವನಿಗೆ. ಅಷ್ಟನ್ನೂ ಚರಂಡಿಗೆ ಸುರಿದು ಅಡುಗೆಮನೆಗೆ ಬಂದ. ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ; ಅಕ್ಕಿ ಡಬ್ಬಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ.

"ಸುಬ್ಬಯ್ಯನಿಗೆ ನಾನೇ ಕೊಟ್ಟಿದ್ದು ಕಣೆ," ಎಂದ. "ನನ್ನ ಕೈಯಾರೆ. ಮುಗಿದ ಹಾಗೆ ಮತ್ತೆ ಮತ್ತೆ ಕೊಟ್ಟೆ. ಬೇಡ ಅಂದ್ರೂ ಜೇಬಿಗೆ ತುರುಕಿದೆ."

ಸುಮಿತ್ರಮ್ಮ ಒಲೆಯ ಉರಿ ತಗ್ಗಿಸಿ ಅವನ ಪಕ್ಕ ಕೂತಳು.

"ನಾನು ಈಗ ಬಿಟ್ಟೆ ಅಂದ್ರೆ ಏನರ್ಥ? ಅದ್ರಿಂದ್ಲೇ ಅವನು ಸತ್ತ ಅಂತ ನಾನೇ ಒಪ್ಪಿದ ಹಾಗೆ. ನಾನು ಅವನಿಗಿಂತ ಜಾಸ್ತಿ ಕುಡೀತೀನಿ. ಕುಡಿದೂ ನಾನು ಬದುಕಿದ್ರೆ, ಅವನು ಸತ್ತಿದ್ದು ನನ್ನ ಪುಡಿಯಿಂದಲ್ಲ. ಅಷ್ಟೇ."

"ಸತ್ರೆ?"

"ಸತ್ರೆ ಲೆಕ್ಕ ಸರಿ ಹೋಯ್ತಲ್ಲ," ಎಂದು ಎದ್ದು ಹೋದ.

ಇಂಥ ಗಂಡಸಿಗೆ ಏನು ಹೇಳುತ್ತೀರಿ? ಹಟಮಾರಿ ಮುದುಕ ಎಂದು ಬೈಯಬಹುದು, ಅವಳೂ ಬೈದಳು, ಒಲೆಯ ಮುಂದೆ ಕೂತು ಬಾಯಿಗೆ ಬಂದ ಹಾಗೆ ಬೈದಳು. ಬೈದು ಮುಗಿದ ಮೇಲೆ ಮತ್ತೆ ಅವನ ಕಾಲಿನ ಬಾವು ಕಣ್ಣ ಮುಂದೆ ಬಂತು. ಇವನನ್ನು ತಡೆಯಬಲ್ಲವಳು ಊರಿನಲ್ಲಿ ಒಬ್ಬಳೇ ಎಂದು ಹೊಳೆದದ್ದು ಆಗ.

ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆಯಿಲ್ಲದ ಹೊತ್ತು ನೋಡಿ ಸುಮಿತ್ರಮ್ಮ ರಾಧಮ್ಮನ ಮನೆಯ ಹಿತ್ತಿಲಿಗೆ ಹೋದಳು. ರಾಧಮ್ಮ ಗಂಡನ ಹೊಲಿಗೆ ಮಿಷನ್ನಿನ ಮೇಲೆ ಹಳೆ ಸೀರೆ ಹೊದೆಸುತ್ತಿದ್ದಳು. ಮಕ್ಕಳಿಲ್ಲದ ಮನೆ. ಹೊರಗೇ ಅಂತರ ಇಟ್ಟು ಕೂತರು.

"ಒಂದು ಉಪಕಾರ ಆಗ್ಬೇಕಿತ್ತು ರಾಧಮ್ಮ. ಇಲ್ಲ ಅನ್ಬೇಡ. ನಾಳೆ ನಮ್ಮ ಜಗಲಿಗೆ ಬಂದು ಒಂದು ಮಾತು ಹೇಳ್ಬೇಕು. ನಿಮ್ಮನೆಯವರು ನಮ್ಮ ಕಷಾಯ ಕುಡೀತಾನೇ ಇರ್ಲಿಲ್ಲ ಅಂತ."

"ಎಂತ ಹೇಳ್ತಿ ನೀನು? ಕುಡೀದೆ ಎಂತ? ಬೆಳಗ್ಗೆ ಎದ್ದ ಕೂಡ್ಲೇ ಅದೇ ಬೇಕು. ಸಂಜೆ ಅದೇ ಬೇಕು. ಕಲ್ಲೇಶ ಕೊಟ್ಟದ್ದು ಅಂತ ಒಂದು ಹನಿ ಚೆಲ್ತಿರ್ಲಿಲ್ಲ ಅವರು. ಸಾಯೋ ದಿನ ಕಾಸಿಟ್ಟದ್ದು ಹಾಗೇ ಉಳೀತು." ಹೇಳುತ್ತ ಹೇಳುತ್ತ ರಾಧಮ್ಮನ ಮಾತು ನಿಧಾನವಾಯಿತು. "ಈಗ್ಯಾಕೆ ಸುಳ್ಳು ಹೇಳಿಸ್ತಿ? ಕಷಾಯಕ್ಕೆಂತ ಆಗಿದೆ?"

ಸುಮಿತ್ರಮ್ಮ ನೆಲ ನೋಡಿದಳು. ಏನಾದರೂ ಕಟ್ಟುಕಥೆ ಹೇಳೋಣವೆಂದು ಬಾಯಿ ತೆರೆದರೆ ಅಳುವೇ ಬಂತು. ಡಾಕ್ಟರು ಹೇಳಿದ್ದನ್ನು ಪೂರಾ ಹೇಳಿದಳು. ರಾಧಮ್ಮ ಮಧ್ಯೆ ಬಾಯಿ ಹಾಕಲಿಲ್ಲ.

"ಅಂದ್ರೆ ನಾನೇ ಕಾಸಿ ಕಾಸಿ ಕೊಟ್ಟೆ," ಎಂದಳು ಕೊನೆಗೆ.

"ನಾನೂ ಕೊಟ್ಟಿದೀನಿ ರಾಧಮ್ಮ. ನಮಗೆ ಯಾರಿಗೆ ಗೊತ್ತಿತ್ತು?"

"ನಿನ್ನದು ಇನ್ನೂ ಕೂತು ಉಣ್ತಿದೆ. ನಂದು ಬೂದಿ ಆಯ್ತು." ಆ ಮಾತು ಚುಚ್ಚಿತು. ಚುಚ್ಚಲೆಂದೇ ಹೇಳಿದ್ದು. "ನನ್ನ ಗಂಡನನ್ನ ತಿಂದ ಕೈಗೆ ತಪ್ಪಿಲ್ಲ ಅಂತ ನಾನೇ ಸರ್ಟಿಫಿಕೇಟ್ ಕೊಡ್ಬೇಕು, ಅಲ್ವಾ ಸುಮಿತ್ರಮ್ಮ?"

"ನಿನ್ನ ಕಾಲು ಹಿಡೀತೀನಿ."

"ಬೇಡ, ಮುಟ್ಬೇಡ. ಕೊರೊನಾ." ರಾಧಮ್ಮ ಎದ್ದಳು. ಬಾಗಿಲಲ್ಲಿ ನಿಂತು, ತಿರುಗಿ ನೋಡದೆ, "ಬತ್ತೆ. ಒಂದಾದ್ರೂ ಉಳೀಲಿ," ಎಂದಳು.

ಬಂದಳು. ಮಾರನೇ ದಿನ ಬೆಳಗ್ಗೆ ಜಗಲಿಯ ಕೆಳಗೆ ನಿಂತು, ಕಂಠಪಾಠ ಒಪ್ಪಿಸುವ ಹಾಗೆ ಹೇಳಿದಳು. "ಕಲ್ಲೇಶಣ್ಣ, ನಿಮ್ಮತ್ರ ಒಂದು ಸತ್ಯ ಮುಚ್ಚಿಟ್ಟಿದ್ದೆ. ಇವರು ನಿಮ್ಮ ಕಷಾಯ ಕುಡೀತಿರ್ಲಿಲ್ಲ. ಖಾರ ಅಂತ ಹಿತ್ತಲ ಕರಿಬೇವಿನ ಗಿಡದ ಬುಡಕ್ಕೆ ಹಾಕ್ತಿದ್ರು. ನಿಮಗೆ ಬೇಜಾರಾಗ್ತದೆ ಅಂತ ಹೇಳಿರ್ಲಿಲ್ಲ."

ಕಲ್ಲೇಶಪ್ಪ ಅವಳ ಮುಖವನ್ನೇ ನೋಡಿದ. ಸುಮಿತ್ರಮ್ಮ ಬಾಗಿಲ ಹಿಂದೆ ನಿಂತಿದ್ದಳು. ಮುದುಕನ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ಬಂತು. "ಕರಿಬೇವಿಗೆ ಹಾಕಿದ್ನಾ? ಕಳ್ಳ ನನ್ಮಗ! ನನ್ನೆದುರು ಚಪ್ಪರಿಸ್ಕೊಂಡು ಹೊಗಳ್ತಿದ್ನಲ್ಲೇ!" ಎಂದು ತೊಡೆ ತಟ್ಟಿಕೊಂಡ. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಬಂಡೆ ಉರುಳಿತು ಎಂದು ನೋಡಿದವರಿಗೇ ಗೊತ್ತಾಗುತ್ತಿತ್ತು. ಗೆದ್ದೆ ಎಂದುಕೊಂಡಳು ಸುಮಿತ್ರಮ್ಮ. ಇನ್ನು ಬಿಡುತ್ತಾನೆ, ಇನ್ನು ಹಟಕ್ಕೆ ಕಾರಣವಿಲ್ಲ.

ಅಯ್ಯೋ ಹುಚ್ಚಿ! ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದನ್ನು ಮರೆತಿದ್ದಳು ಅವಳು. ಕಲ್ಲೇಶಪ್ಪ ಒಳಗೆ ತಿರುಗಿ, "ನೋಡಿದ್ಯೇನೆ! ನನ್ನ ಪುಡೀಲಿ ದೋಷ ಇಲ್ಲ ಅಂತ ನಾನು ಆವತ್ತೇ ಹೇಳಿರ್ಲಿಲ್ವಾ? ಆ ಡಾಕ್ಟ್ರ ಮಾತು ಕಟ್ಕೊಂಡು ಸುಮ್ನೆ ಹೆದರಿ ಸತ್ತೆ" ಎಂದು ಫ್ಲಾಸ್ಕ್ ಬಗ್ಗಿಸಿ ಲೋಟ ತುಂಬಿಸಿಕೊಂಡ. ಗಟಗಟ ಕುಡಿದ. ಅಷ್ಟು ದಿನ ಶಿಕ್ಷೆ ಎಂಬಂತೆ ಕುಡಿಯುತ್ತಿದ್ದವನು ಈಗ ಹಬ್ಬದ ಪಾಯಸದ ಹಾಗೆ ಕುಡಿದ. ಮೇಲಿಂದ ರಾಧಮ್ಮನಿಗೂ ಒಂದು ಪೊಟ್ಟಣ ಕಟ್ಟಿಕೊಟ್ಟ: "ನೀವಾದ್ರೂ ಕುಡೀರಿ ತಂಗಿ, ಗಿಡಕ್ಕೆ ಹಾಕ್ಬೇಡಿ." ರಾಧಮ್ಮ ಅದನ್ನು ತೆಗೆದುಕೊಂಡಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಸುಮಿತ್ರಮ್ಮನನ್ನು ಒಂದು ಸಲ ನೋಡಿ, ಬೀದಿ ದಾಟಿ ಹೋದಳು.

ಅತ್ತ ದರಿ, ಇತ್ತ ಪುಲಿ. ಸುಳ್ಳನ್ನು ಹಾಗೇ ಬಿಟ್ಟರೆ ಕುಡಿದು ಸಾಯುತ್ತಾನೆ. ಸತ್ಯ ಹೇಳಿದರೆ ಕೊರಗಿ ಸಾಯುತ್ತಾನೆ. ಸುಮಿತ್ರಮ್ಮ ನಾಲ್ಕೈದು ದಿನ ಹೀಗೇ ಒದ್ದಾಡಿದಳು. ಮನೆಯಲ್ಲಿದ್ದ ಬಿಪಿ ನೋಡುವ ಮಿಷನ್ನಿಗೆ ಅವನು ಕೈ ಕೊಡುವುದನ್ನೇ ಬಿಟ್ಟಿದ್ದ. ಸ್ನಾನದ ಮನೆಯಲ್ಲಿ ಗೋಡೆ ಹಿಡಿದು ನಿಲ್ಲುವುದನ್ನು ಅವಳು ಕದ್ದು ನೋಡಿದಳು. ಒಂದು ದಿನ ಬೆಳಗ್ಗೆ ಎಡಗೈ ಜೋಮು ಹಿಡಿದಿದೆ ಎಂದು ಕೊಡವಿಕೊಳ್ಳುತ್ತಲೇ ಜಗಲಿಗೆ ಹೋದ.

ಹೊರಗೆ ಆಗಲೇ ಏಳೆಂಟು ಮಂದಿ ಸೇರಿದ್ದರು. ಹೆಚ್ಚಿನವರು ಅವನದೇ ವಯಸ್ಸಿನವರು, ಚೀಲ ಹಿಡಿದು, ಮಾಸ್ಕ್ ಕೆಳಗಿಳಿಸಿ ನಿಂತಿದ್ದರು. ಅವರಲ್ಲೊಬ್ಬ ಸುಬ್ಬಯ್ಯನ ಸಾವಿನ ಮಾತೆತ್ತಿದ. ಕಲ್ಲೇಶಪ್ಪ ಲೋಟ ಮೇಲೆತ್ತಿ ಗಟ್ಟಿಯಾಗಿ ಹೇಳಿದ: "ಅವನು ಇದನ್ನ ಕುಡೀದೆ ಗಿಡಕ್ಕೆ ಚೆಲ್ತಿದ್ನಂತೆ! ಅವನ ಹೆಂಡ್ತಿನೇ ಬಂದು ಹೇಳಿದ್ಲು. ಕುಡಿದಿದ್ರೆ ಇವತ್ತು ನಮ್ಮೆದುರು ಕೂತಿರ್ತಿದ್ದ. ಮಾಡಿದ್ದುಣ್ಣೋ ಮಹರಾಯ ಅಂತ, ಏನ್ ಮಾಡೋದು!"

ಎದುರು ಬಾಗಿಲಲ್ಲಿ ರಾಧಮ್ಮ ನಿಂತಿದ್ದಳು. ಅಂಗಳಕ್ಕೆ ನೀರು ಹಾಕಲು ಬಂದವಳ ಕೈಯಲ್ಲಿ ಚೊಂಬು ಹಾಗೇ ಇತ್ತು. ಅವಳು ಹಾಗೆ ನಿಂತದ್ದನ್ನು ನೋಡಿದ ಮೇಲೆ ಸುಮಿತ್ರಮ್ಮನಿಗೆ ತನ್ನನ್ನು ಹಿಡಿದುಕೊಳ್ಳಲು ಆಗಲಿಲ್ಲ.

"ಸುಳ್ಳು!" ಎಂದು ಅವಳು ಜಗಲಿಗೆ ಬಂದಳು. ಅಷ್ಟು ಜನ ಗಂಡಸರ ಮುಂದೆ ಅವಳು ಎಂದೂ ದನಿ ಎತ್ತಿದವಳಲ್ಲ. "ಸುಬ್ಬಯ್ಯ ಒಂದು ಹನಿ ಚೆಲ್ಲಿಲ್ಲ. ನಿಮ್ಮ ಕಷಾಯ ಕುಡಿದೇ ಅವನ ಬಿಪಿ ಏರಿದ್ದು. ನಿಮ್ಮನ್ನ ಉಳಿಸ್ಕೊಳ್ಳೋಕೆ ನಾನೇ ರಾಧಮ್ಮನ ಹತ್ರ ಕಾಡಿ ಬೇಡಿ ಸುಳ್ಳು ಹೇಳಿಸಿದೆ. ಕೇಳ್ಕೊಳ್ಳಿ ಎಲ್ರೂ. ಜೇಷ್ಠಮಧು ಜಾಸ್ತಿ ಆದ್ರೆ ಬಿಪಿ ಏರುತ್ತೆ ಅಂತ ಕೊಪ್ಪದ ಡಾಕ್ಟ್ರು ಇವರ ಎದುರಿಗೇ ಹೇಳಿದಾರೆ. ಬಿಪಿ ಇರೋರು ಯಾರೂ ಇದನ್ನ ಮುಟ್ಬೇಡಿ."

ಒಬ್ಬ ಕುಡಿಯುತ್ತಿದ್ದ ಪೇಪರ್ ಲೋಟವನ್ನು ಮೆಲ್ಲಗೆ ಜಗಲಿಯ ಅಂಚಿಗೆ ಇಟ್ಟ. ಅದನ್ನು ನೋಡಿ ಇನ್ನೊಬ್ಬನೂ ಇಟ್ಟ. ಕಲ್ಲೇಶಪ್ಪ ಹೆಂಡತಿಯನ್ನು ನೋಡಿದ, ಬೀದಿಯಾಚೆ ರಾಧಮ್ಮನನ್ನು ನೋಡಿದ. ರಾಧಮ್ಮ ಚೊಂಬು ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಸ್ಟೂಲಿನಿಂದ ಎದ್ದು, ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿ ತಿರುಗಿಸಿ, ಮಗನ ಕೈಗೆ ಕೊಟ್ಟು ಒಳಗೆ ನಡೆದ.

ಹಿಂದೆಯೇ ಹೋದ ಸುಮಿತ್ರಮ್ಮನಿಗೆ ಅವನು ಹೇಳಿದ್ದು ಇಷ್ಟು: "ಸುಮ್ಮನಿದ್ದಿದ್ರೆ ಇನ್ನೊಂದು ನಾಲ್ಕು ದಿನ ನಾನು ನೆಮ್ಮದಿಯಾಗಿ ಇದ್ದು ಸಾಯ್ತಿದ್ದೆ. ಅದನ್ನೂ ಬಿಡ್ಲಿಲ್ಲ ನೀನು."

ಆ ದಿನದಿಂದ ಅವನು ಕಷಾಯ ಮುಟ್ಟಲಿಲ್ಲ. ಡಾಕ್ಟರು ಹೇಳಿದ ಹಾಗೆಯೇ ಕಾಲಿನ ಬಾವು ಇಳಿಯಿತು, ಬಿಪಿ ಇಳಿಯಿತು. ಜೂನ್ ತಿಂಗಳಲ್ಲಿ ಇಂಜೆಕ್ಷನ್ನೂ ಆಯಿತು. "ಅಜ್ಜಿ ಚೆನ್ನಾಗಿ ನೋಡ್ಕೊಂಡಿದಾರೆ," ಎಂದು ನರ್ಸಮ್ಮ ಹೊಗಳಿದಳು. ಊರಿನ ಹೆಂಗಸರು ಮಾತ್ರ, ಬೀದಿಯಲ್ಲಿ ನಿಂತು ಗಂಡನ ಮಾನ ಹರಾಜು ಹಾಕಿದಳಲ್ಲ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅವಳ ಮಾತಿನಿಂದ ಉಳಿದ ಮುದುಕರಲ್ಲಿ ಒಬ್ಬನೂ ಬಂದು ನಿನ್ನಿಂದ ಬದುಕಿದೆ ತಾಯಿ ಎನ್ನಲಿಲ್ಲ. ರಾಧಮ್ಮ ಎದುರು ಬಾಗಿಲನ್ನು ತೆರೆಯುವುದೇ ನಿಲ್ಲಿಸಿ ಹಿತ್ತಿಲಿನಿಂದ ಓಡಾಡತೊಡಗಿದಳು. ಒಂದು ಸಲ ಸುಮಿತ್ರಮ್ಮ ಆ ಕಡೆ ಹೋದಾಗ, "ಸುಳ್ಳು ಹೇಳು ಅಂದೆ, ಹೇಳ್ದೆ. ಆಮೇಲೆ ನೀನೇ ಊರೆದುರು ನನ್ನ ಸುಳ್ಳಿ ಮಾಡ್ದೆ. ಇನ್ನೆಂತ ಬೇಕು?" ಎಂದು ಕೇಳಿದಳು. ಸುಮಿತ್ರಮ್ಮ ಬಂದ ದಾರಿಯಲ್ಲೇ ವಾಪಸ್ಸಾದಳು.

ಕಲ್ಲೇಶಪ್ಪ ಅವಳ ಜೊತೆ ಮಾತು ಬಿಟ್ಟ. ಜಗಳವಿಲ್ಲ, ಕೂಗಾಟವಿಲ್ಲ. "ಪ್ರಸಾದಾ, ಅನ್ನ ಸಾಕು ಅಂತ ಹೇಳು." "ಪ್ರಸಾದಾ, ಟವೆಲ್ ಎಲ್ಲಿದೆ ಕೇಳು." ಪಕ್ಕದಲ್ಲೇ ಬಡಿಸುತ್ತ ನಿಂತವಳಿಗೆ ಮಗನ ಮೂಲಕ ಮಾತು. ಸಿಟ್ಟು ಒಂದು ವಾರ ಇರುತ್ತದೆ ಎಂದುಕೊಂಡಳು. ಹಬ್ಬಕ್ಕೆ ಸರಿಹೋಗುತ್ತದೆ ಎಂದುಕೊಂಡಳು. ಗೌರಿ ಹಬ್ಬ ಹೋಯಿತು, ದೀಪಾವಳಿ ಹೋಯಿತು. ಅಂಗಡಿ ಜಗಲಿಗೂ ಅವನು ಹೋಗುವುದಿಲ್ಲ. ನಡುಮನೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿರುತ್ತಾನೆ. ಸಂಜೆ ಅವಳು ಮಿಷನ್ ತಂದರೆ ಅಂಗಿಯ ತೋಳು ಮಡಚಿ ಕೈ ನೀಡುತ್ತಾನೆ, ಅವಳ ಕಡೆ ನೋಡುವುದಿಲ್ಲ.

ಕಾರ್ತಿಕ ಕಳೆದ ಮೇಲೆ ಮತ್ತೆ ಕೊಪ್ಪಕ್ಕೆ ತೋರಿಸಲು ಹೋದರು. ಚಂದ್ರಶೇಖರ ಡಾಕ್ಟರು ಎಲ್ಲ ಪರೀಕ್ಷೆ ನೋಡಿ ಮುಖ ಅರಳಿಸಿದರು. "ಭೇಷ್ ಕಲ್ಲೇಶಪ್ಪ! ನೂರಾ ಮೂವತ್ತು, ಎಂಬತ್ತು. ಹುಡುಗರಿಗೂ ಇಷ್ಟು ಚೆನ್ನಾಗಿರಲ್ಲ. ಏನಮ್ಮಾ, ಇನ್ನು ಹದಿನೈದು ವರ್ಷಕ್ಕೆ ಇವರ ಬಗ್ಗೆ ಯೋಚನೆನೇ ಮಾಡ್ಬೇಡಿ."

ಕಲ್ಲೇಶಪ್ಪ ಚಪ್ಪಲಿ ಮೆಟ್ಟಿಕೊಂಡು ಮಗನ ಹೆಗಲು ಹಿಡಿದು ಆಗಲೇ ಮೆಟ್ಟಿಲಿಳಿಯುತ್ತಿದ್ದ. ಸುಮಿತ್ರಮ್ಮ ಡಾಕ್ಟರಿಗೆ ಕೈ ಮುಗಿದಳು. ಹದಿನೈದು ವರ್ಷ ಎಂಬ ಮಾತನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡಳು. "ಪ್ರಸಾದಾ, ಹೊರಡೋಣ ಅಂತ ಹೇಳು" ಎಂದು ಮೆಟ್ಟಿಲಿನಿಂದ ಗಂಡನ ದನಿ ಕೇಳಿತು; ಕುರ್ಚಿಯಿಂದ ಏಳಲು ಹೋದವಳಿಗೆ ಏಳಲು ಆಗಲಿಲ್ಲ.